ಇಲ್ಲವೆನ್ನುವ ಮೊದಲು

ಕಳೆದ ಮಳೆಗಾಲದ ಒಂದು ಸಂಜೆ ಚಿಕ್ಕೋಡಿಯ ಗೆಳೆಯರೊಬ್ಬರು ನನ್ನಲ್ಲಿಗೆ ಬಂದರು. ಮೂವತ್ತೆರಡು ವರ್ಷ ಸಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮಾಸ್ತರರು ಅವರು. ಮಾತಿಗೆ ಎಂದೂ ಬಡವರಲ್ಲ. ಆದರೆ ಅಂದು ಬಹಳ ಹೊತ್ತು ಸುಮ್ಮನೆ ಕುಳಿತರು. ಮುಂದಿಟ್ಟ ಚಹ ಆರಿಹೋಯಿತು. ಕೊನೆಗೆ, "ಎಲ್ಲಾ ಹೋತ್ರಿ" ಎಂದರು. ಮನೆಯಲ್ಲಿ ಯಾರಿಗೆ ಏನಾಯಿತೋ ಎಂದು ನಾನು ಗಾಬರಿಗೊಂಡೆ. ಹೋದುದು ಮನುಷ್ಯರಲ್ಲ, ಹನ್ನೊಂದು ವರ್ಷ ಹಳೆಯದಾದ ಅವರ ಲ್ಯಾಪ್‌ಟಾಪಿನ ಒಳಗಿನ ಹಾರ್ಡ್ ಡಿಸ್ಕು.

ಇಷ್ಟಕ್ಕೇ ಇಷ್ಟು ದುಃಖವೇ ಎಂದು ಓದುಗರು ನಗಬಾರದು. ಆ ಡಿಸ್ಕಿನಲ್ಲಿದ್ದುದು ಏನೆಂಬುದನ್ನು ಕೇಳಬೇಕು. ದೂಧಗಂಗೆ, ವೇದಗಂಗೆ, ಕೃಷ್ಣೆಯರ ದಂಡೆಯ ಹಳ್ಳಿಗಳಲ್ಲಿ ಅವರು ರಜೆಯ ದಿನಗಳನ್ನೆಲ್ಲ ಕಳೆದು, ಮುದುಕಿಯರ ಎದುರು ಕುಳಿತು ಧ್ವನಿಮುದ್ರಿಸಿಕೊಂಡ ಬೀಸುಕಲ್ಲಿನ ಪದಗಳು, ಸೋಬಾನದ ಪದಗಳು, ಮೊಹರಮ್ಮಿನ ಪದಗಳು. ಒಂದು ನುಡಿ ಕನ್ನಡ, ಅದರ ಬೆನ್ನಿಗೆ ಒಂದು ನುಡಿ ಮರಾಠಿ ಎಂಬಂತೆ ಈ ಗಡಿಸೀಮೆಯಲ್ಲಿ ಮಾತ್ರ ಹುಟ್ಟಬಹುದಾದ ಹಾಡುಗಳೂ ಅದರಲ್ಲಿದ್ದವು. ಹಾಡಿದ ಮುದುಕಿಯರಲ್ಲಿ ಹಲವರು ಈಗಿಲ್ಲ. ಮನೆಗಳಲ್ಲಿ ಬೀಸುವ ಕಲ್ಲೂ ಇಲ್ಲ. ಹೀಗಾಗಿ ಆ ತಟ್ಟೆಯಲ್ಲಿದ್ದುದು ಹಾಡಿನ ಪ್ರತಿಯಲ್ಲ, ಹಾಡೇ.

ನಡೆದುದು ಇಷ್ಟು. ಒಂದು ಬೆಳಗ್ಗೆ ಗುಂಡಿ ಒತ್ತಿದರೆ ಎಂದಿನ ಚಿತ್ರ ಬರಲಿಲ್ಲ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು: ಬೂಟ್ ಮಾಡುವ ಸಾಧನ ಕಾಣಲಿಲ್ಲ. ಅವರು ಅದನ್ನು ಪೇಟೆಯ ಒಂದು ಅಂಗಡಿಗೆ ಒಯ್ದರು. ಅಂಗಡಿಯವರು ಎರಡು ನಿಮಿಷ ನೋಡಿ, "ಡಿಸ್ಕ ಸತ್ತೈತ್ರಿ ಸರ್. ಹೊಸಾದ ಹಾಕಿ ವಿಂಡೋಸ್ ಹಾಕಿ ಕೊಡ್ತೀನಿ, ಸಂಜಿಗೆ ಒಯ್ರಿ. ಹಳೇದರಾಗ ಏನೂ ಉಳಿದಿರೂದಿಲ್ಲ" ಎಂದು ತೀರ್ಪು ಕೊಟ್ಟರು. ಮಾಸ್ತರರು ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ನೇರವಾಗಿ ನನ್ನಲ್ಲಿಗೆ ಬಂದಿದ್ದರು.

ಈ ಎರಡು ನಿಮಿಷದ ತೀರ್ಪಿನ ಕುರಿತೇ ನಾನು ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಯಂತ್ರವು ಹೇಳಿದ್ದು "ಕಾಣಲಿಲ್ಲ" ಎಂದು. ಅಂಗಡಿಯವರು ಅದನ್ನು "ಇಲ್ಲ" ಎಂದು ಓದಿದರು. ನನ್ನ ಗೆಳೆಯರು "ಎಲ್ಲವೂ ಹೋಯಿತು" ಎಂದು ಓದಿದರು. ಈ ಮೂರು ವಾಕ್ಯಗಳ ಅರ್ಥ ಒಂದೇ ಅಲ್ಲ. ಅವುಗಳ ನಡುವಿನ ಅಂತರವನ್ನು ಮರೆತುದರಿಂದಲೇ ನಮ್ಮ ಜಿಲ್ಲೆಯಲ್ಲಿ, ನಾಡಿನಲ್ಲಿ, ಎಷ್ಟೋ ಜನರ ಬರೆಹ, ಪ್ರಬಂಧ, ಲೆಕ್ಕ, ಮದುವೆಯ ಚಿತ್ರಗಳು ಉಳಿಯಬಹುದಾಗಿದ್ದೂ ಅಳಿದುಹೋಗುತ್ತಿವೆ ಎಂಬುದು ನನ್ನ ನಂಬಿಕೆ.

ನಮ್ಮ ಹಿರಿಯರು ಈ ತೊಡಕನ್ನು ಯಂತ್ರವಿಲ್ಲದ ಕಾಲದಲ್ಲೇ ಚರ್ಚಿಸಿದ್ದಾರೆ. ಕುಮಾರಿಲ ಭಟ್ಟರ ಪರಂಪರೆಯ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯೆಂಬುದನ್ನು ಆರನೆಯ ಪ್ರಮಾಣವಾಗಿ ಒಪ್ಪಿದರು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಅಲ್ಲಿ ಗಡಿಗೆಯಿಲ್ಲವೆಂದು ತಿಳಿಯುತ್ತೇವೆ. ಕಾಣದಿರುವುದೇ ಇಲ್ಲದಿರುವುದಕ್ಕೆ ಪ್ರಮಾಣ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಒಂದು ಕಟ್ಟಳೆಯನ್ನು ಸೇರಿಸಿದರು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಪ್ರಮಾಣ. ಅದಕ್ಕೆ ಯೋಗ್ಯಾನುಪಲಬ್ಧಿಯೆಂದು ಹೆಸರು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಮೊದಲು ದೀಪ ಹಚ್ಚಬೇಕು, ಗಡಿಗೆ ಕಳುವಾಯಿತೆಂದು ಕೂಗಬಾರದು. ಲ್ಯಾಪ್‌ಟಾಪಿನ ವಿಷಯದಲ್ಲಿ ನಾವು ಮಾಡುವುದು ಬಹುಮಟ್ಟಿಗೆ ಕತ್ತಲಲ್ಲಿ ಕೂಗುವ ಕೆಲಸ.

ದೀಪ ಎಲ್ಲಿ ಹಚ್ಚಬೇಕೆಂಬುದನ್ನು ತಿಳಿಯಲು ಯಂತ್ರವು ಎಚ್ಚರಗೊಳ್ಳುವ ಬಗೆಯನ್ನು ಸ್ವಲ್ಪ ನೋಡಬೇಕು. ಗುಂಡಿ ಒತ್ತಿದೊಡನೆ ಮೊದಲು ಎಚ್ಚರವಾಗುವುದು ವಿಂಡೋಸ್ ಅಲ್ಲ. ಮುಖ್ಯ ಫಲಕದ ಮೇಲಿನ ಒಂದು ಚಿಪ್ಪಿನಲ್ಲಿ ಕುಳಿತ ಚಿಕ್ಕ ತಂತ್ರಾಂಶ. ಹಳಬರು ಅದನ್ನು ಬಯೋಸ್ ಎನ್ನುತ್ತಾರೆ. ಈಚಿನ ಯಂತ್ರಗಳಲ್ಲಿ ಅದರ ಹೆಸರು ಯುಇಎಫ್‌ಐ. ಅದು ತರಗತಿಯಲ್ಲಿ ಹಾಜರಿ ಕರೆಯುವ ಮಾಸ್ತರರಂತೆ, ಡಿಸ್ಕು ಇರಬೇಕಾದ ದಾರಿಯಲ್ಲಿ ಕೂಗುತ್ತದೆ. ಡಿಸ್ಕು ತನ್ನ ಹೆಸರನ್ನೂ ಅಳತೆಯನ್ನೂ ಹೇಳಿ ಉತ್ತರ ಕೊಡುತ್ತದೆ. ಅನಂತರ ಆ ಡಿಸ್ಕಿನಲ್ಲಿ ಯಂತ್ರವನ್ನು ನಡೆಸುವ ತಂತ್ರಾಂಶದ ಮೊದಲ ಪುಟ ಎಲ್ಲಿದೆಯೆಂದು ಹುಡುಕುತ್ತದೆ. ಅದು ಸಿಕ್ಕ ಮೇಲೆ ವಿಂಡೋಸಿನ ಸರದಿ. ವಿದ್ಯಾರ್ಥಿಯಿಂದ ಉತ್ತರ ಬಾರದಿದ್ದರೆ ಅವನು ಗೈರುಹಾಜರು ಎಂದೇ ಅರ್ಥವಲ್ಲ. ಅವನ ಗಂಟಲು ಕಟ್ಟಿರಬಹುದು, ಕರೆದ ದನಿ ಕೊನೆಯ ಬೆಂಚಿಗೆ ಮುಟ್ಟದಿರಬಹುದು, ಮಾಸ್ತರರೇ ಬೇರೆ ತರಗತಿಯ ಪಟ್ಟಿ ಹಿಡಿದು ಬಂದಿರಬಹುದು. ಕೊನೆಯದಾಗಿ, ಹುಡುಗ ನಿಜವಾಗಿಯೂ ಬಂದಿಲ್ಲದಿರಬಹುದು.

ಪಟ್ಟಿಯೇ ತಪ್ಪಿದ್ದರೆ? ಈ ಸಂದೇಹವನ್ನು ಮೊದಲು ಪರಿಹರಿಸಿಕೊಳ್ಳಬೇಕು. ಏಕೆಂದರೆ ಇದಕ್ಕೆ ಖರ್ಚಿಲ್ಲ, ಒಂದು ಮೊಳೆಯನ್ನೂ ಬಿಚ್ಚಬೇಕಿಲ್ಲ. ಯಂತ್ರವನ್ನು ಹಚ್ಚಿದ ಕೂಡಲೆ ಎಫ್2 ಅಥವಾ ಡಿಲೀಟ್, ಕೆಲವು ತಯಾರಕರಲ್ಲಿ ಎಫ್10 ಅಥವಾ ಎಸ್ಕೇಪ್ ಕೀಲಿಯನ್ನು ಒತ್ತಿದರೆ ಬಯೋಸಿನ ಪುಟ ತೆರೆಯುತ್ತದೆ. ಅಲ್ಲಿ ಡಿಸ್ಕಿನ ಹೆಸರು ಬರೆದಿದ್ದರೆ ಅದು ಹಾಜರಿ ಕೊಟ್ಟಿತೆಂದೇ ಅರ್ಥ. ತೊಡಕು ಇರುವುದು ವ್ಯವಸ್ಥೆಯಲ್ಲಿ. ಹಾಗೆಯೇ ಆ ಪುಟದ ಮೇಲಿನ ದಿನಾಂಕವನ್ನೂ ನೋಡಬೇಕು. ಅದು ಎಷ್ಟೋ ವರ್ಷ ಹಿಂದಿನ ದಿನವನ್ನು ತೋರಿಸುತ್ತಿದ್ದರೆ, ಒಳಗಿನ ನಾಣ್ಯದಾಕಾರದ ಚಿಕ್ಕ ಬ್ಯಾಟರಿ ಮುಗಿದಿರಬಹುದು. ಹಳೆಯ ಯಂತ್ರಗಳಲ್ಲಿ ಇದು ಸಾಮಾನ್ಯ. ಆ ಬ್ಯಾಟರಿ ಮುಗಿದರೆ ಯಂತ್ರವು ತನಗೆ ಕಲಿಸಿದ್ದನ್ನು ಮರೆತು ಕಾರ್ಖಾನೆಯಿಂದ ಬಂದ ದಿನದ ಅಭ್ಯಾಸಗಳಿಗೆ ಮರಳುತ್ತದೆ. ಹಳೆಯ ಪದ್ಧತಿಯಲ್ಲಿ ವಿಂಡೋಸ್ ಹಾಕಿದ ಡಿಸ್ಕನ್ನು ಹೊಸ ಪದ್ಧತಿಯಲ್ಲಿ ಹುಡುಕತೊಡಗಿ "ಬೂಟ್ ಮಾಡುವ ಸಾಧನ ಇಲ್ಲ" ಎನ್ನುತ್ತದೆ. ಅತ್ಯಲ್ಪ ಬೆಲೆಯ ಒಂದು ಬ್ಯಾಟರಿ, ಒಂದು ಆಯ್ಕೆಯ ಬದಲಾವಣೆ, ಇಷ್ಟೇ ಸಾಕಾಗುವ ಕಡೆ ಹೊಸ ಡಿಸ್ಕು ಕೊಂಡು ಹಳೆಯದನ್ನು ಎಸೆದವರನ್ನು ನಾನು ಬಲ್ಲೆ.

ಬಯೋಸಿನ ಪುಟದಲ್ಲೂ ಹೆಸರಿಲ್ಲದಿದ್ದರೆ ದಾರಿಯನ್ನು ಪರೀಕ್ಷಿಸಬೇಕು. ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರು ತೆಗೆದು, ಹಳೆಯ ಮಾದರಿಯಾದರೆ ಬ್ಯಾಟರಿಯನ್ನೂ ಹೊರತೆಗೆದು, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಉಳಿದ ವಿದ್ಯುತ್ತು ಇಳಿಯುತ್ತದೆ. ಬಳಿಕ ಬಲ್ಲವರ ಕೈಯಲ್ಲಿ ತಳ ಬಿಚ್ಚಿಸಿ ಡಿಸ್ಕನ್ನು ಒಮ್ಮೆ ಹೊರಗೆಳೆದು ಮತ್ತೆ ಗಟ್ಟಿಯಾಗಿ ಕೂಡಿಸಬೇಕು. ಕೆಲವು ಮಾದರಿಗಳಲ್ಲಿ ಡಿಸ್ಕಿಗೂ ಮುಖ್ಯ ಫಲಕಕ್ಕೂ ನಡುವೆ ಕಾಗದದಷ್ಟು ತೆಳ್ಳಗಿನ ಒಂದು ಪಟ್ಟಿ ಇರುತ್ತದೆ. ವರ್ಷಗಟ್ಟಲೆ ಬಸ್ಸಿನಲ್ಲಿ, ಮೋಟಾರು ಸೈಕಲಿನಲ್ಲಿ ಕುಲುಕಾಡಿದ ಯಂತ್ರದಲ್ಲಿ ಆ ಪಟ್ಟಿ ಸಡಿಲಗೊಂಡಿರುತ್ತದೆ, ಇಲ್ಲವೆ ಒಳಗೇ ಹರಿದಿರುತ್ತದೆ. ನಮ್ಮ ಸೀಮೆಯ ರಸ್ತೆಗಳನ್ನೂ ಧೂಳನ್ನೂ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇರದು.

ಮೂರನೆಯದು ಅದಲು ಬದಲಿನ ಪರೀಕ್ಷೆ. ನಮ್ಮ ಶಾಸ್ತ್ರಿಗಳು ಅನ್ವಯ ವ್ಯತಿರೇಕವೆಂದದ್ದು ಇದನ್ನೇ. ಸಂದೇಹದ ಡಿಸ್ಕನ್ನು ಯುಎಸ್‌ಬಿ ಪೆಟ್ಟಿಗೆಯೊಂದರಲ್ಲಿ ಹಾಕಿ ಬೇರೆ ಗಣಕಕ್ಕೆ ಜೋಡಿಸಬೇಕು. ಸರಿಯೆಂದು ಗೊತ್ತಿರುವ ಬೇರೊಂದು ಡಿಸ್ಕನ್ನು ಈ ಯಂತ್ರಕ್ಕೆ ಹಾಕಿ ನೋಡಬೇಕು. ದೋಷವು ಡಿಸ್ಕಿನೊಡನೆ ಹೋದರೆ ಡಿಸ್ಕು ಅಪರಾಧಿ; ಯಂತ್ರದಲ್ಲೇ ಉಳಿದರೆ ಡಿಸ್ಕು ನಿರಪರಾಧಿ. ಇಲ್ಲಿ ಒಂದು ಎಚ್ಚರ ಬೇಕು. ಈಚಿನ ಎಂ.2 ಎಂಬ ಚಿಕ್ಕ ಹಲಗೆಗಳಲ್ಲಿ ಸಾಟಾ ಬಗೆ ಬೇರೆ, ಎನ್‌ವಿಎಂಇ ಬಗೆ ಬೇರೆ. ನೋಡಲು ಎರಡೂ ಅವಳಿ ಮಕ್ಕಳಂತೆ. ಹಳೆಯ ಯಂತ್ರದ ಕಂಡಿಗೆ ಒಂದು ಬಗೆ ಮಾತ್ರ ಒಗ್ಗುವುದುಂಟು. ಕೊಂಡು ತಂದ ಹೊಸ ಹಲಗೆ ಕಾಣಿಸದಿದ್ದರೆ ಅದು ಕೆಟ್ಟದ್ದೆನ್ನುವ ಮೊದಲು ತಾನು ತಂದುದು ಯಾವ ಬಗೆಯದು ಎಂದು ಕೇಳಿಕೊಳ್ಳಬೇಕು.

ಇಲ್ಲಿಯವರೆಗಿನ ಯಾವ ಹೆಜ್ಜೆಯಿಂದಲೂ ಒಳಗಿನ ಅಕ್ಷರಗಳಿಗೆ ಕೇಡಿಲ್ಲ. ನಾನು ಒತ್ತಿ ಹೇಳಬೇಕೆಂದಿರುವುದು ಈ ಕ್ರಮವನ್ನೇ: ಮೊದಲು ಖರ್ಚಿಲ್ಲದ್ದು, ಅನಂತರ ಖರ್ಚಿನದು, ಮೊದಲು ಹಿಂದೆಗೆದುಕೊಳ್ಳಬಹುದಾದ ಹೆಜ್ಜೆ, ಕಟ್ಟಕಡೆಗೆ ಹಿಂದೆಗೆದುಕೊಳ್ಳಲಾಗದ್ದು. ಅಂಗಡಿಗಳಲ್ಲಿ ಅನೇಕ ವೇಳೆ ನಡೆಯುವುದು ಇದರ ವಿಪರೀತ. ಡಿಸ್ಕು ಬೇರೆ ಗಣಕದಲ್ಲಿ ಅರೆಬರೆಯಾಗಿ ಕಾಣಿಸಿಕೊಂಡಾಗ ಪರದೆಯ ಮೇಲೆ ಒಂದು ಸೌಮ್ಯವಾದ ಪ್ರಶ್ನೆ ಬರುತ್ತದೆ: "ಫಾರ್ಮ್ಯಾಟ್ ಮಾಡಲೇ?" ಇನ್ನೊಮ್ಮೆ "ಇನಿಶಿಯಲೈಸ್ ಮಾಡಲೇ?" ಅದಕ್ಕೆ ಹೂಂಗುಟ್ಟುವುದೆಂದರೆ, ಹೊಲದ ಬಾಂದುಕಲ್ಲು ಕಾಣದೆಂದು ಹೊಲವನ್ನೇ ಉತ್ತುಬಿಟ್ಟಂತೆ. ವಸ್ತು ಬೇಕಾದವರು ಆ ಪ್ರಶ್ನೆಗೆ ಬೇಡವೆನ್ನಬೇಕು.

ಡಿಸ್ಕು ನಿಜವಾಗಿಯೂ ಕಾಯಿಲೆ ಬಿದ್ದಿರುವುದೂ ಉಂಟು. ಅದರ ಒಳಗಿನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಎಂದರೆ ಕ್ಷಣಕ್ಕೆ 90 ಸುತ್ತು ತಿರುಗುತ್ತವೆ. ಓದುವ ತಲೆ ಅವುಗಳ ಮೇಲೆ, ಕೂದಲೆಳೆಯ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಬರುವಷ್ಟು ಅಂತರದಲ್ಲಿ ತೇಲುತ್ತಿರುತ್ತದೆ. ಅಲ್ಲಿಂದ ಟಕ್ ಟಕ್ ಎಂದು ಒಂದೇ ಸಮನೆ ಸದ್ದು ಬಂದರೆ ಆ ತಲೆ ದಾರಿ ತಪ್ಪಿ ತಡವರಿಸುತ್ತಿದೆಯೆಂದು ತಿಳಿಯಬೇಕು. ಆಗ ಮತ್ತೆ ಮತ್ತೆ ಹಚ್ಚಿ ನೋಡುವುದು ಗಾಯವನ್ನು ಕೆದಕಿದಂತೆ. ಕೂಡಲೆ ಆರಿಸಿ, ಒಳಗಿರುವುದು ಅಮೂಲ್ಯವಾಗಿದ್ದರೆ ಧೂಳಿಲ್ಲದ ಕೋಣೆಯಲ್ಲಿ ಡಿಸ್ಕು ತೆರೆಯುವ ಪರಿಣತರಿಗೆ ಒಪ್ಪಿಸಬೇಕು. ಅದು ದುಬಾರಿಯ ಕೆಲಸ. ಮನೆಯಲ್ಲಿ ತೆರೆಯುವುದೂ, ಫ್ರಿಜ್ಜಿನಲ್ಲಿಟ್ಟು ಹಚ್ಚುವುದೂ ಬುದ್ಧಿವಂತಿಕೆಯಲ್ಲ. ಎಸ್‌ಎಸ್‌ಡಿಯೆಂಬ ಚಿಪ್ಪಿನ ಡಿಸ್ಕುಗಳಿಗೆ ಸದ್ದೇ ಇಲ್ಲ. ಅವು ಕೆಡುವಾಗ ಹಲವು ಸಲ ಮುನ್ಸೂಚನೆಯನ್ನೂ ಕೊಡುವುದಿಲ್ಲ.

ನಮ್ಮ ಸೀಮೆಗೆ ನೀರಿನ ಭಯವೂ ಉಂಟು. ಕಲ್ಲೋಳ–ಯಡೂರ ಸೇತುವೆ ಮುಳುಗಿತೆಂಬ ಸುದ್ದಿ ನಮಗೆ ಮಳೆಗಾಲದ ವಾಡಿಕೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಮತ್ತು ಅದರ ಉಪನದಿಗಳು ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ, ರಾಯಬಾಗಗಳ ಊರುಗಳಿಗೆ ನುಗ್ಗಿದಾಗ ಕಾಳುಕಡಿ, ದನಕರುಗಳೊಡನೆ ಕಾಗದಪತ್ರಗಳೂ ನೀರು ಕುಡಿದವು. ನೆನೆದ ಯಂತ್ರ ಕಂಡಾಗ ಮನುಷ್ಯನಿಗೆ ಮೊದಲು ಬರುವ ಬಯಕೆ ಗುಂಡಿ ಒತ್ತಿ ನೋಡುವುದು. ಮಾಡಬಾರದ್ದೂ ಅದೇ.

ಗೆಳೆಯರ ಕಥೆಗೆ ಮರಳುತ್ತೇನೆ. ನಮ್ಮ ಓಣಿಯಲ್ಲಿ ಬಿ.ಎಸ್‌ಸಿ. ಓದುವ ಒಬ್ಬ ಹುಡುಗನಿದ್ದಾನೆ. ಅವನನ್ನು ಕರೆಸಿದೆ. ಅವನು ಯಂತ್ರವನ್ನು ನೋಡುವ ಮೊದಲೇ, "ಗುರುಗಳ, ಇದರಾಗ ಏನೇನ ಐತ್ರಿ? ಬ್ಯಾರೆ ಕಡೆ ಪ್ರತಿ ಐತೇನ್ರಿ?" ಎಂದು ಕೇಳಿದ. ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಪ್ರತಿಯಿಲ್ಲವೆಂದು ತಿಳಿದು, "ಹಂಗಾರ ಒಂದೀಟ ತಡೀರಿ. ಕಾಣವಲ್ದು ಅಂದಕೂಡ್ಲೆ ಇಲ್ಲಾ ಅಂತ ತಿಳೀಬಾರ್ದ್ರಿ" ಎಂದ. ಮೀಮಾಂಸೆಯ ಹೆಸರನ್ನೂ ಅವನು ಕೇಳಿರಲಾರ.

ಬಯೋಸಿನಲ್ಲಿ ಡಿಸ್ಕಿನ ಹೆಸರಿರಲಿಲ್ಲ. ತಳ ಬಿಚ್ಚಿದಾಗ ಜೋಡಣೆಯ ಪಟ್ಟಿಯ ಒಂದು ತುದಿ ಹಸಿರುಗಟ್ಟಿತ್ತು. ಡಿಸ್ಕನ್ನು ಪೆಟ್ಟಿಗೆಯಲ್ಲಿ ಹಾಕಿ ತನ್ನ ಗಣಕಕ್ಕೆ ಜೋಡಿಸಿದ. ಹತ್ತು ಹನ್ನೆರಡು ಕ್ಷಣ ಏನೂ ಇಲ್ಲ. ಆಮೇಲೆ ಮೆಲ್ಲಗೆ ಹೆಸರು ಮೂಡಿತು. ಮಾಸ್ತರರು ಕುರ್ಚಿಯಿಂದ ಎದ್ದುನಿಂತರು. ಆದರೆ ಹುಡುಗ ಒಂದು ಕಡತವನ್ನೂ ತೆರೆಯಗೊಡಲಿಲ್ಲ. ಪಟ್ಟಿಯ ದೋಷದ ಜೊತೆಗೆ ಡಿಸ್ಕೂ ಮುದಿಯಾಗಿದೆ, ಅಲ್ಲಲ್ಲಿ ಓದಲು ಬಾರದ ತಾಣಗಳಿವೆ. ಇರುವಷ್ಟು ಉಸಿರಿನಲ್ಲಿ ಮೊದಲು ಪ್ರತಿ ಮಾಡಿಕೊಳ್ಳಬೇಕು, ಹಾಡು ಕೇಳುವುದು ಆಮೇಲೆ ಎಂದ. ಪೆನ್ ಡ್ರೈವಿನಿಂದ ಲಿನಕ್ಸ್ ನಡೆಸಿ, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವನ್ನು ಹಚ್ಚಿದ. ಅದು ಸುಲಭವಾಗಿ ಓದಬಹುದಾದ ತಾಣಗಳನ್ನೆಲ್ಲ ಮೊದಲು ನಕಲು ಮಾಡಿ, ಹಟ ಹಿಡಿದ ತಾಣಗಳನ್ನು ಕೊನೆಗೆ ಮತ್ತೆ ಮತ್ತೆ ವಿಚಾರಿಸುತ್ತದೆ. ಒಳ್ಳೆಯ ಮಾಸ್ತರರು ತರಗತಿ ನಡೆಸುವ ರೀತಿಯೂ ಬಹುಶಃ ಇದೇ. ಎರಡು ರಾತ್ರಿ ಒಂದು ಹಗಲು ಅದು ನಡೆಯಿತು. ಕೊನೆಯಲ್ಲಿ ಎರಡು ಹಾಡುಗಳು ಮಾತ್ರ ಬರಲಿಲ್ಲ, ಉಳಿದವೆಲ್ಲ ಬಂದವು.

ಅಂಗಡಿಯವರ ಮೇಲೆ ದೋಷ ಹೊರಿಸುವುದು ನನ್ನ ಉದ್ದೇಶವಲ್ಲ. ಸಂಜೆಯೊಳಗೆ ಯಂತ್ರ ಬೇಕೆಂದು ಅವಸರಪಡಿಸುವವರು ನಾವೇ. ಎರಡು ರಾತ್ರಿಯ ತಾಳ್ಮೆಗೆ ಕೂಲಿ ಕೊಡೆವು. ಹೊಸ ಡಿಸ್ಕಿಗಾದರೆ ಕೇಳಿದಷ್ಟು ಕೊಡುತ್ತೇವೆ. ಹೀಗಿರಲಾಗಿ ರಿಪೇರಿಯವರು ತಪಾಸಣೆಯನ್ನು ಬಿಟ್ಟು ಮಾರಾಟವನ್ನು ಹಿಡಿದರೆ ಅದರಲ್ಲಿ ವಿಚಿತ್ರವೇನಿದೆ? ಯಂತ್ರದ ಬೆಲೆ ಬೇರೆ, ಅದರ ಒಳಗಿನ ವಸ್ತುವಿನ ಬೆಲೆ ಬೇರೆ ಎಂಬುದನ್ನು ಒಯ್ಯುವವರು ಮೊದಲು ತಿಳಿದು, ಕೊಡುವಾಗಲೇ ಸ್ಪಷ್ಟವಾಗಿ ಹೇಳಬೇಕು: "ಯಂತ್ರ ಹೋದರೂ ಚಿಂತೆಯಿಲ್ಲ, ಒಳಗಿನದು ಬೇಕು. ನನ್ನನ್ನು ಕೇಳದೆ ಏನನ್ನೂ ಅಳಿಸಬೇಡಿರಿ. ತೆಗೆದ ಹಳೆಯ ಡಿಸ್ಕನ್ನು ನನಗೇ ಮರಳಿಸಿರಿ." ಈ ಮೂರು ವಾಕ್ಯಗಳಿಂದ ಎಷ್ಟೋ ಅನಾಹುತ ತಪ್ಪುತ್ತದೆ.

ರಿಪೇರಿಯ ಹಕ್ಕಿನ ಮಾತು ಈಗ ದೊಡ್ಡ ಮಟ್ಟದಲ್ಲೇ ಎದ್ದಿದೆ. ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಇದಕ್ಕಾಗಿ ಸಮಿತಿಯನ್ನು ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ಒಳ್ಳೆಯದೇ. ಆದರೆ ಹಕ್ಕಿನ ಜೊತೆಗೆ ಅರಿವೂ ಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ ಮುಗಿದ ಮೇಲೆ ಹಳೆಯ ಲ್ಯಾಪ್‌ಟಾಪುಗಳನ್ನು ಗುಜರಿಗೆ ಹಾಕುವ ಭರ ಹೆಚ್ಚಿದೆ. ಅವುಗಳಲ್ಲಿ ಎಷ್ಟೋ ಯಂತ್ರಗಳು ಒಂದು ಹೊಸ ಎಸ್‌ಎಸ್‌ಡಿ, ಒಂದು ಹಗುರವಾದ ಲಿನಕ್ಸ್ ಹಾಕಿದರೆ ಬರೆಯುವ, ಓದುವ ಕೆಲಸಕ್ಕೆ ಇನ್ನೂ ನಾಲ್ಕಾರು ವರ್ಷ ಬಾಳಬಲ್ಲವು. ಎಸೆಯುವುದೇ ಆದರೂ ಒಳಗೇನಿದೆಯೆಂದು ನೋಡಿ ಎಸೆಯಬೇಕು.

ಇನ್ನೊಂದು ಸಂಗತಿ. ಡಿಸ್ಕು ಕಂಡರೂ ಬರೆಹ ಕಾಣದಿರುವ ಬಗೆಯೊಂದುಂಟು. ನಮ್ಮ ಮಾಸ್ತರರ ಟಿಪ್ಪಣಿಗಳಲ್ಲಿ ಅರ್ಧ ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿದ್ದವು. ಹೊಸ ಗಣಕದಲ್ಲಿ ತೆರೆದರೆ ಕನ್ನಡವೇ ಅಲ್ಲದ ಚಿತ್ರವಿಚಿತ್ರ ಚಿಹ್ನೆಗಳು. ಕಡತ ಕೆಟ್ಟಿದೆಯೆಂದು ಅಳಿಸಿಬಿಡುವವರಿದ್ದಾರೆ. ಅದು ಕೆಟ್ಟಿಲ್ಲ, ಯೂನಿಕೋಡಿಗೆ ಪರಿವರ್ತಿಸಿದರೆ ಓದಬಹುದು. ಇಲ್ಲಿಯೂ ತತ್ತ್ವ ಒಂದೇ: ನಮಗೆ ಓದಲು ಬಾರದ್ದೆಲ್ಲ ಅರ್ಥವಿಲ್ಲದ್ದಲ್ಲ.

ಆದರೆ ರಿಪೇರಿಯೆಂಬುದು ಎಷ್ಟಾದರೂ ಎರಡನೆಯ ಮಾತು. ಮೊದಲನೆಯದು ಪ್ರತಿ. ನನ್ನ ಗೆಳೆಯರ ತಪ್ಪು ಡಿಸ್ಕು ಕೆಟ್ಟ ದಿನ ಆದುದಲ್ಲ, ಹನ್ನೊಂದು ವರ್ಷದ ಶ್ರಮವನ್ನು ಒಂದೇ ತಟ್ಟೆಯ ಮೇಲೆ ಬಿಟ್ಟ ದಿನವೇ ಆಯಿತು. ಅವರಿಗೆ ನಾನು ಇದನ್ನು ಹೇಳಿದಾಗ ಅವರೇ ನಕ್ಕು, "ಅತ್ತಿಮಬ್ಬೆಯ ಪಾಠ ಎಷ್ಟ ಸಲ ಮಾಡೀನಿ, ತಿಳೀಲೇ ಇಲ್ಲ ನೋಡ್ರಿ" ಎಂದರು.

ಹೌದು, ಅತ್ತಿಮಬ್ಬೆ. ಜೈನಧರ್ಮ ಬೇರೂರಿದ ನಮ್ಮ ಸೀಮೆಯಲ್ಲಿ ಆ ತಾಯಿಯ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಸಾವಿರ ವರ್ಷದ ಹಿಂದೆ ಆಕೆ ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಯಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಒಂದು ಸಾವಿರ! ನಾವು ಅದನ್ನು ದಾನವೆಂದು ಹೊಗಳಿ ಮುಗಿಸುತ್ತೇವೆ. ಅದು ದಾನವೂ ಹೌದು, ದೂರದೃಷ್ಟಿಯೂ ಹೌದು. ಅದೇ ಪೊನ್ನ ಭುವನೈಕರಾಮಾಭ್ಯುದಯವೆಂಬ ಇನ್ನೊಂದು ಕಾವ್ಯವನ್ನು ಬರೆದನೆಂದು ತಿಳಿಯುತ್ತದೆ. ಇಂದು ಅದು ನಮಗೆ ದೊರೆತಿಲ್ಲ. ಶಾಂತಿಪುರಾಣ ದೊರೆತಿದೆ. ಒಬ್ಬನೇ ಕವಿ, ಒಂದೇ ಕಾಲ. ಉಳಿದುದಕ್ಕೂ ಅಳಿದುದಕ್ಕೂ ಪ್ರತಿಯ ಸಂಖ್ಯೆಯೊಂದೇ ಕಾರಣವೆಂದು ನಾನು ಸಾಧಿಸಲಾರೆ. ಆದರೆ ಗೆದ್ದಲು, ಬೆಂಕಿ, ಹೊಳೆಗಳು ಸಾವಿರ ಮನೆಗಳನ್ನು ಒಟ್ಟಿಗೆ ಹುಡುಕಿಕೊಂಡು ಹೋಗಲಾರವೆಂಬುದನ್ನು ತಿಳಿಯಲು ಪಾಂಡಿತ್ಯವೇನೂ ಬೇಡ.

ಈ ಕಾಲದ ತಟ್ಟೆಯ ಚರಿತ್ರೆಯೂ ನಮ್ಮ ಚರಿತ್ರೆಯೂ ಒಂದು ವರ್ಷದಲ್ಲಿ ಕೂಡುತ್ತವೆ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯ ನಮ್ಮ ತಾಲೂಕುಗಳು ಮುಂಬಯಿ ರಾಜ್ಯವನ್ನು ಬಿಟ್ಟು ಆಗಿನ ಮೈಸೂರು ರಾಜ್ಯಕ್ಕೆ ಬಂದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಐಬಿಎಂ ಸಂಸ್ಥೆ ಲೋಕದ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಿತು. ಎರಡೆರಡು ಅಡಿ ಅಗಲದ ಐವತ್ತು ತಟ್ಟೆಗಳು, ತೂಕ ಒಂದು ಟನ್ನಿಗೂ ಮಿಗಿಲು, ಹಿಡಿಸುತ್ತಿದ್ದುದು ಸುಮಾರು ಐವತ್ತು ಲಕ್ಷ ಅಕ್ಷರ. ಇಂದು ಅಂಗೈಯಲ್ಲಿ ಹಿಡಿಯುವ 500 ಜಿಬಿ ಡಿಸ್ಕಿನಲ್ಲಿ ಅದರ ಒಂದು ಲಕ್ಷ ಪಟ್ಟು ಹಿಡಿಸುತ್ತದೆ. ಅನುಕೂಲ ಲಕ್ಷ ಪಟ್ಟಾಯಿತು. ಒಂದೇ ಏಟಿಗೆ ಕಳೆದುಕೊಳ್ಳುವ ಸಾಧ್ಯತೆಯೂ ಅಷ್ಟೇ ಪಟ್ಟಾಯಿತು. ಅತ್ತಿಮಬ್ಬೆಗೆ ಒಂದು ಪ್ರತಿಗೆ ಒಬ್ಬ ಲಿಪಿಕಾರನ ತಿಂಗಳುಗಳ ದುಡಿಮೆ ಬೇಕಿತ್ತು. ನಮಗೆ ಒಂದು ಸಂಜೆ ಸಾಕು. ಆದರೂ ಆಕೆ ಮಾಡಿಸಿದಳು, ನಾವು ಮಾಡುವುದಿಲ್ಲ.

"ಈಗ ಎಲ್ಲವನ್ನೂ ಕ್ಲೌಡಿನಲ್ಲಿ ಇಡಬಹುದಲ್ಲ, ಈ ರಗಳೆಯೇಕೆ?" ಎಂದು ಕೆಲವರು ಕೇಳುತ್ತಾರೆ. ಕ್ಲೌಡೆಂದರೆ ಮೋಡವಲ್ಲ, ದೂರದಲ್ಲೆಲ್ಲೋ ಇರುವ ಇನ್ನೊಬ್ಬರ ಡಿಸ್ಕು. ಒಂದು ಪ್ರತಿ ಅಲ್ಲಿರಲಿ, ಬೇಡವೆನ್ನಲಾರೆ. ಆದರೆ ಗುಪ್ತಪದ ಮರೆತರೆ, ಬಾಡಿಗೆ ಕಟ್ಟದಿದ್ದರೆ, ಒಡೆಯನೇ ತೀರಿಕೊಂಡರೆ ಅಲ್ಲಿಯೂ "ಕಾಣಲಿಲ್ಲ" ಎಂಬ ಸಾಲೇ ಎದುರಾಗುತ್ತದೆ. ಬಲ್ಲವರ ಸೂತ್ರ ಸರಳವಾಗಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಹೊಳೆಯ ದಂಡೆಯವರು ಆ ಬೇರೆ ಊರನ್ನು ಎತ್ತರದಲ್ಲಿ ಆರಿಸಿಕೊಂಡರೆ ಇನ್ನೂ ಒಳ್ಳೆಯದು. ಈಚಿನ ಎಷ್ಟೋ ಲ್ಯಾಪ್‌ಟಾಪುಗಳು ಡಿಸ್ಕಿಗೆ ತಾವಾಗಿಯೇ ಬೀಗ ಹಾಕಿರುತ್ತವೆ. ಅದರ ಕೀಲಿಸಂಖ್ಯೆಯನ್ನು ಕಾಗದದ ಮೇಲೆ ಬರೆದು ಮನೆಯಲ್ಲಿ ಇಟ್ಟಿರಬೇಕು. ಇಲ್ಲವಾದರೆ ಡಿಸ್ಕು ಆರೋಗ್ಯವಾಗಿದ್ದರೂ ಒಡೆಯನಿಗೇ ಬಾಗಿಲು ತೆರೆಯದು.

ಕೊನೆಯದಾಗಿ ಅಧ್ಯಾಪಕ ಬಂಧುಗಳಲ್ಲಿ ಒಂದು ಬಿನ್ನಹ. 2020ರ ಆಸುಪಾಸಿನಲ್ಲಿ ರಾಜ್ಯ ಸರಕಾರ ಸರಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪು ಹಂಚಿತು. ಆ ಯಂತ್ರಗಳಿಗೂ ಈಗ ವಯಸ್ಸಾಗುತ್ತಿದೆ. ನಮ್ಮ ಗಣಕ ತರಗತಿಗಳಲ್ಲಿ ಪತ್ರ ಬರೆಯಲು, ಕೋಷ್ಟಕ ಎಳೆಯಲು ಕಲಿಸುತ್ತೇವೆ. ವರ್ಷಕ್ಕೆ ಎರಡು ತಾಸನ್ನಾದರೂ ಕೆಟ್ಟ ಯಂತ್ರವೊಂದನ್ನು ಮೇಜಿನ ಮೇಲಿಟ್ಟು, "ಇದು ಏನೆನ್ನುತ್ತಿದೆ? ಅದರಿಂದ ಏನು ಸಿದ್ಧವಾಗುತ್ತದೆ, ಏನು ಸಿದ್ಧವಾಗುವುದಿಲ್ಲ?" ಎಂದು ಕೇಳುವುದಕ್ಕೆ ಮೀಸಲಿಡಬಾರದೆ? ತರ್ಕವನ್ನು ಕಲಿಸಲು ಇದಕ್ಕಿಂತ ಅಗ್ಗದ ಪಾಠಸಾಮಗ್ರಿ ಸಿಗಲಾರದು. ಲಕ್ಷಣವನ್ನು ನೋಡಿ ಕಾರಣಕ್ಕೆ ಹಾರದಿರುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು, ಹಿಂದೆಗೆದುಕೊಳ್ಳಲಾಗದ ಹೆಜ್ಜೆಯನ್ನು ಕಡೆಗೆ ಇಡುವುದು: ಇವು ಯಂತ್ರಕ್ಕೆ ಮಾತ್ರ ಒದಗುವ ಗುಣಗಳಲ್ಲ. ರೋಗಿಯ ಎದುರು ಕುಳಿತ ವೈದ್ಯನಿಗೂ, ಹಳೆಯ ಓಲೆಯ ಪಾಠ ತಿದ್ದುವ ಸಂಪಾದಕನಿಗೂ, ತಪ್ಪು ಮಾಡಿದ ಹುಡುಗನನ್ನು ವಿಚಾರಿಸುವ ಮಾಸ್ತರರಿಗೂ ಇವೇ ಬೇಕು.

ನಮ್ಮ ಗೆಳೆಯರು ಈಗ ಮೂರು ಪ್ರತಿ ಮಾಡಿದ್ದಾರೆ. ಒಂದು ಅವರಲ್ಲಿ, ಒಂದು ಧಾರವಾಡದಲ್ಲಿರುವ ಮಗಳ ಮನೆಯಲ್ಲಿ, ಒಂದು ನನ್ನ ಕಪಾಟಿನಲ್ಲಿದೆ. ಹಾಡಿದವರ ಮನೆಗಳಿಗೂ ಅವರವರ ಹಾಡನ್ನು ಮುಟ್ಟಿಸುತ್ತಿದ್ದಾರೆ. ಬಾರದೆಹೋದ ಆ ಎರಡು ಹಾಡುಗಳಲ್ಲಿ ಒಂದನ್ನು ಹಾಡಿದ ಮುದುಕಿ 2021ರಲ್ಲಿ ತೀರಿಕೊಂಡಳು. ಅವಳ ಸೊಸೆಗೆ ನಾಲ್ಕು ನುಡಿ ನೆನಪಿದೆಯಂತೆ, ಬೇರೆ ಊರಿಗೆ ಕೊಟ್ಟ ಮಗಳಿಗೆ ಇನ್ನಷ್ಟು ಬರಬಹುದಂತೆ. ಅದು ಯಾರ ಬಾಯಲ್ಲೂ ಉಳಿದಿಲ್ಲವೆಂದು ಒಪ್ಪಿಕೊಳ್ಳಲು ಮಾಸ್ತರರು ಸಿದ್ಧರಿಲ್ಲ. ಈ ಮಳೆ ನಿಂತ ಮೇಲೆ ಮತ್ತೆ ಹೊಳೆದಂಡೆಯ ಊರುಗಳಿಗೆ ಹೊರಡುವವರಿದ್ದಾರೆ. ಈ ಸಲ ಅವರ ಚೀಲದಲ್ಲಿ ಪೆನ್ ಡ್ರೈವುಗಳು ಎರಡಿವೆ.